ಬಣ್ಣದ ಕೋಣೆಯ ಬಲ್ಬು

ಪ್ರೀತಿಯ ಅಕ್ಕಾ,

ನಿನ್ನ ಕಾಲಿನ ಪ್ಲಾಸ್ಟರ್ ಬಿಚ್ಚಿದರೆಂದು ಅಮ್ಮ ಹೇಳಿದಳು. ಇನ್ನು ನಾಟಕದ ಕಡೆ ತಲೆ ಹಾಕುವುದಿಲ್ಲ ಎಂದು ನೀನು ಹಟ ಹಿಡಿದಿರುವುದನ್ನೂ ಹೇಳಿದಳು. ಅದಕ್ಕೇ ಈ ಪತ್ರ.

ಅವತ್ತು ಬಣ್ಣದ ಕೋಣೆಗೆ ಇಳಿಯುವಾಗ, ನೀನು ಸ್ವಿಚ್ ಹಾಕಿದ ಕ್ಷಣವೇ ಬಲ್ಬು ಸುಟ್ಟುಹೋಯಿತು, ಕತ್ತಲಲ್ಲಿ ನೀನು ಮೆಟ್ಟಿಲು ತಪ್ಪಿ ಬಿದ್ದೆ. ಬಲ್ಬಿನ ತಂತಿ ತಣ್ಣಗಿರುವಾಗ ಕರೆಂಟು ಒಮ್ಮೆಲೇ ನುಗ್ಗುತ್ತದೆ. ಸವೆದ ತಂತಿ ಆ ಏಟು ತಾಳುವುದಿಲ್ಲ. ಈಗ ಸ್ವಿಚ್ಚಿಗೂ ಬಲ್ಬಿಗೂ ನಡುವೆ ಥರ್ಮಿಸ್ಟರ್ ಎಂಬ ಅಂಗಿಗುಂಡಿಯಷ್ಟರ ಬಿಲ್ಲೆ ಸೇರಿಸಿದ್ದೇನೆ. ಅದು ಮೊದಲು ಕರೆಂಟನ್ನು ತಡೆದು, ತಾನು ಬಿಸಿಯಾದಂತೆ ಮೆಲ್ಲಗೆ ಬಿಡುತ್ತದೆ. ತಿಂಗಳಿಡೀ, ಆರಲು ಬಿಟ್ಟು ಬಿಟ್ಟು, ನಾನೂರು ಸಲ ಹಾಕಿ ನೋಡಿದೆ. ಬಲ್ಬು ಇನ್ನೂ ಗಟ್ಟಿಯಾಗಿಯೇ ಇದೆ. “ಏನಮ್ಮಾ, ಅದಕ್ಕೆ ಕಣ್ಣು ಹೊಡೆಯೋದು ಕಲಿಸ್ತಿದ್ದೀಯಾ?” ಎಂದು ಮೇಕಪ್ ಮಾಮ ನಕ್ಕರು.

ಬೇರೆ ದೀಪದಲ್ಲಿ ಮುಖದ ಬಣ್ಣ ಸರಿಯಾಗಿ ಕಾಣುವುದಿಲ್ಲ ಎನ್ನುತ್ತಿದ್ದೆಯಲ್ಲ, ಅದಕ್ಕೇ ಅದೇ ಹಳದಿ ಬೆಳಕನ್ನು ಉಳಿಸಿದ್ದೇನೆ. ಒಂದು ಹೋದರೂ ಇನ್ನೊಂದು ಇರಲಿ ಎಂದು ಪಕ್ಕದಲ್ಲೇ ಮತ್ತೊಂದು ಬಲ್ಬನ್ನೂ ಹಾಕಿದ್ದೇನೆ.

ಬೀಳುವ ಹಿಂದಿನ ದಿನವೇ ನೀನು, “ಬಲ್ಬು ಮಿಣಮಿಣ ಅಂತಿದೆ, ನೋಡೇ” ಅಂದಿದ್ದೆ. ರಂಗಮಂದಿರದ ಲೈಟು ನೋಡಿಕೊಳ್ಳಬೇಕಾದ ನಾನು, “ಆಮೇಲೆ ನೋಡ್ತೀನಿ ಬಿಡಕ್ಕಾ” ಅಂದೆ. ಇಷ್ಟು ದಿನ ನೀನು ಅದರ ಬಗ್ಗೆ ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. ನಿನ್ನೆ ನಾನೇ ಅಮ್ಮನಿಗೆ ಹೇಳಿದೆ.

ನಿನ್ನ ಪಾತ್ರವನ್ನು ಬೇರೆ ಯಾರಿಗೂ ಕೊಟ್ಟಿಲ್ಲ. ಭಾನುವಾರ ಮಧ್ಯಾಹ್ನ ಬಾ. ಸ್ವಿಚ್ ನೀನೇ ಹಾಕು. ನಾನು ಒಂದು ಮೆಟ್ಟಿಲು ಕೆಳಗೆ ನಿಂತಿರುತ್ತೇನೆ.

ನಿನ್ನ ತಂಗಿ