ಹೆಂಗಸರ ಸಾಲಿನಲ್ಲಿ ಕೂತವಳು

ನಾಲುಬೆ ಗುಡ್ಡ, ಎಂಬಾಲೆ
ಭಾನುವಾರ, 12 ಸೆಪ್ಟೆಂಬರ್ 2004

ಕೆತುರಾಳ ಅಪ್ಪನಿಗೆ,

ಹೇಗಿದ್ದೀರಿ? ಹೋದ ಚಳಿಗಾಲದಲ್ಲಿ ಹಿಡಿದ ಕೆಮ್ಮು ಪೂರ್ತಿ ಬಿಟ್ಟಿತೇ? ಫೋನಿನಲ್ಲಿ ಕೇಳಿದರೆ "ಏನಿಲ್ಲ, ಏನಿಲ್ಲ" ಅನ್ನುತ್ತೀರಿ, ಆ ಎರಡು ಏನಿಲ್ಲಗಳ ನಡುವೆಯೇ ಕೆಮ್ಮುತ್ತೀರಿ. ಜೆರುಸಲೇಮಿನಲ್ಲಿ ಶುಂಠಿ ಸಿಗುವುದಿಲ್ಲವೇ? ಇಲ್ಲಿ ಎಲ್ಲರೂ ಕ್ಷೇಮ. ಅತ್ತೆಯ ಮಂಡಿನೋವು ಇದ್ದ ಹಾಗೇ ಇದೆ. ಕೆತುರಾಳ ಭುಜ ಹಿಡಿದುಕೊಂಡು ಶನಿವಾರ ಸಬ್ಬತ್ ದಿನ ಪ್ರಾರ್ಥನಾ ಮಂದಿರಕ್ಕೆ ನಡೆದೇ ಬರುತ್ತಾರೆ, ದಾರಿಯುದ್ದಕ್ಕೂ ನಿಮ್ಮ ಊಟದ್ದೇ ಚಿಂತೆ. "ಅಲ್ಲಿ ಬಾಳೆಕಾಯಿ ಬೇಯಿಸಿ ಹಾಕೋರು ಯಾರಿದಾರೆ ಅವನಿಗೆ? ಒಣ ರೊಟ್ಟಿ ಕಡ್ಕೊಂಡು ಕೂತಿರ್ತಾನೆ ಪಾಪ" ಎಂದು ಎದುರಿಗೆ ಬಂದವರಿಗೆಲ್ಲ ಹೇಳುತ್ತಾರೆ. ಕಾಫಿ ಗಿಡ ಈ ಸಲ ತುಂಬಿ ನಿಂತಿದೆ. ನಮ್ಮ ಯೆಹೂದಿ ಹೊಸ ವರ್ಷಕ್ಕೆ ಇನ್ನು ಮೂರೇ ದಿನ, ಇದು ನಿಮ್ಮ ಕೈ ಸೇರುವಾಗ ಹಬ್ಬ ಮುಗಿದಿರುತ್ತದೆ.

ಫೋನಿನಲ್ಲಿ ಹೇಳಲಾಗದ್ದನ್ನು ಹೇಳಬೇಕು ಎಂದು ಬರೆಯುತ್ತಿದ್ದೇನೆ. ಆಗಸ್ಟ್ ಮೊದಲ ಸಬ್ಬತ್ ದಿನ ಪ್ರಾರ್ಥನೆ ಮುಗಿದ ಮೇಲೆ ಹಿರಿಯ ಯಾಯಿರೋ ಎದ್ದು ನಿಂತು ಜೇಬಿನಿಂದ ಒಂದು ಕಾಗದ ತೆಗೆದರು. ಅಷ್ಟು ದೂರದಿಂದಲೇ ಅದು ನಿಮ್ಮ ಅಕ್ಷರ ಎಂದು ಗೊತ್ತಾಯಿತು. ನನಗೆ ನೀವು ಬರೆದು ಎರಡು ತಿಂಗಳಾಗಿತ್ತು, ನೋಡಿ ನನ್ನ ಹುಚ್ಚು, ನನ್ನ ಹೆಸರೂ ಅದರಲ್ಲಿ ಇರಬಹುದು ಎಂದು ಹಿಗ್ಗಿದೆ. ಇತ್ತು. ಪ್ರಾರ್ಥನೆಯಲ್ಲಿ ಗಂಡಸರ ಮುಂದೆ ಹೆಂಗಸಿನ ದನಿ ಕೇಳಬಾರದು, ಕೇಜಿಯಾ ಇನ್ನು ಮುಂದೆ ಕೀರ್ತನೆ ಎತ್ತಿಕೊಡಬಾರದು, ಶಾಲೆಯ ಹಾಡಿನ ತರಗತಿಯನ್ನು ಕೂಡಲೇ ಮೇಷ್ಟ್ರು ಆಸಾ ತೆಗೆದುಕೊಳ್ಳಲಿ, ಹೊಸ ವರ್ಷದ ಹಿಂದಿನ ಸಬ್ಬತ್‌ನಿಂದ ಮಂದಿರದಲ್ಲೂ ಅವನೇ ಹಾಡಿಸಲಿ ಎಂದು. ಯಾಯಿರೋ ಓದುತ್ತಾ ಓದುತ್ತಾ ದನಿ ತಗ್ಗಿಸಿದರು. ಯಾರೂ ನನ್ನತ್ತ ನೋಡಲಿಲ್ಲ. ಅತ್ತೆ ಮಾತ್ರ, ಕಿವಿ ಮಂದ ನೋಡಿ, ಜೋರಾಗಿ ಕೇಳಿದರು: "ಏನಂತೆ? ಯಾರ ವಿಷಯ ಬರ್ದಿದಾನೆ?"

"ನನ್ನ ವಿಷಯಾನೇ ಅತ್ತೆ" ಅಂದೆ.

"ಹೌದಾ? ಆರೋಗ್ಯ ವಿಚಾರಿಸಿದಾನಾ?"

ನಾನು ಹೌದೆಂದು ತಲೆಯಾಡಿಸಿದೆ.

ನೀವು ಕಲಿತದ್ದು ತಪ್ಪು ಎಂದು ಹೇಳುವಷ್ಟು ಓದಿದವಳಲ್ಲ ನಾನು. ಶಾಸ್ತ್ರ ಓದಲು ಹೋದ ಮೊದಲ ವಾರ ಅಲ್ಲಿ ಒಬ್ಬ ವಿದ್ಯಾರ್ಥಿ ನಿಮ್ಮ ಕಪ್ಪು ಮೈಯನ್ನು ಮೇಲಿಂದ ಕೆಳಗೆ ನೋಡಿ "ನೀನು ನಿಜವಾಗ್ಲೂ ಯೆಹೂದಿನಾ?" ಎಂದು ಕೇಳಿದ್ದನ್ನು ಬರೆದಿದ್ದಿರಿ. ಅದನ್ನು ಓದಿ ನಾನು ಒಲೆಯ ಮುಂದೆ ಕೂತು ಅತ್ತಿದ್ದೆ. ನಮ್ಮ ಗುಡ್ಡದವರನ್ನು ಯಾರೂ ಅರೆಬರೆ ಎನ್ನಬಾರದು, ಎಲ್ಲ ಕಟ್ಟುನಿಟ್ಟಾಗಿ ಇರಬೇಕು ಎಂದು ನಿಮಗೆ ಅನ್ನಿಸುವುದು ನನಗೆ ಅರ್ಥವಾಗುತ್ತದೆ. ಆದರೆ ನಿಮ್ಮ ಅಮ್ಮನನ್ನು ಒಮ್ಮೆ ಕೇಳಬೇಕಿತ್ತು. ಸರ್ಕಾರ ನಮ್ಮ ಧರ್ಮವನ್ನೇ ನಿಷೇಧಿಸಿದ್ದ ಆ ಎಂಟು ವರ್ಷ ಪುಸ್ತಕಗಳೆಲ್ಲ ಮಣ್ಣಿನಡಿ ಹೂತಿದ್ದಾಗ, ಪ್ರಾರ್ಥನೆಗೆ ಬಾಯಿ ತೆರೆದ ಗಂಡಸರನ್ನು ಸೈನಿಕರು ಎಳೆದೊಯ್ಯುತ್ತಿದ್ದಾಗ, ಕೀರ್ತನೆಗಳನ್ನು ಜೋಗುಳದ ಹಾಗೆ ಹಾಡಿಕೊಂಡು ಉಳಿಸಿದವರು ಈ ಹೆಂಗಸರು. ತೊಟ್ಟಿಲಲ್ಲಿ ಮಲಗಿದ್ದ ನಿಮ್ಮ ತಮ್ಮಂದಿರು ಅದನ್ನೇ ಕೇಳಿ ಬೆಳೆದರು. ನಾನು ಕಲಿತದ್ದೂ ಅವರಿಂದಲೇ. ಮತ್ತೆ ನೀವು? ನನ್ನ ಅಪ್ಪನ ಕಾಫಿ ತೋಟದ ಬೇಲಿಯಾಚೆ ನಿಂತು "ಈಗ ಹಾಡಿದ್ದು ಯಾರು?" ಎಂದು ಕೇಳಿಕೊಂಡು ಬಂದಿರಲ್ಲ. ನನ್ನ ಮುಖ ನೋಡುವುದಕ್ಕೆ ಮುಂಚೆ ನೀವು ಕೇಳಿದ್ದು ದನಿಯನ್ನು.

ಇರಲಿ. ಅಂದಿನಿಂದ ಶಾಲೆಯಲ್ಲಿ ಮಧ್ಯಾಹ್ನ ಕೊನೆಯ ಪಿರಿಯಡ್‌ನಲ್ಲಿ ನನಗೆ ಕೆಲಸವಿಲ್ಲ. ಮೂರನೇ ತರಗತಿಯ ಲೆಕ್ಕದ ಪುಸ್ತಕಗಳನ್ನು ತಿದ್ದುತ್ತಾ ಶಿಕ್ಷಕರ ಕೋಣೆಯಲ್ಲಿ ಕೂರುತ್ತೇನೆ. ಗೋಡೆಯಾಚೆ ಮಕ್ಕಳು ಹಾಡುತ್ತಾರೆ. ಎಲ್ಲಿ ತಪ್ಪುತ್ತಾರೆ ಎಂದು ಅವರು ತಪ್ಪುವ ಮುಂಚೆಯೇ ಗೊತ್ತಾಗುತ್ತದೆ, ಕೆಂಪು ಪೆನ್ನು ಅಲ್ಲೇ ನಿಲ್ಲುತ್ತದೆ. ನೀರಿನ ನಲ್ಲಿಯ ಹತ್ತಿರ ಹೆಂಗಸರು ಏನೋ ಗುನುಗುತ್ತಿದ್ದವರು ನನ್ನನ್ನು ಕಂಡ ತಕ್ಷಣ ಸುಮ್ಮನಾಗುತ್ತಾರೆ. ಕನಿಕರದಿಂದಲೇ ಹಾಗೆ ಮಾಡುತ್ತಾರೆ, ಬೇರೇನಲ್ಲ. ಆದರೂ ಮನೆಗೆ ಬರುವಷ್ಟರಲ್ಲಿ ಊರಲ್ಲಿ ನಾನೊಬ್ಬಳೇ ಇರುವ ಹಾಗೆ ಆಗಿಬಿಡುತ್ತದೆ. ಹೇಳಿಕೊಳ್ಳಲು ನೀವಿಲ್ಲ. ಇದ್ದರೂ ಇದನ್ನು ನಿಮಗೆ ಹೇಗೆ ಹೇಳಿಕೊಳ್ಳಲಿ?

ಆಸಾನ ಮೇಲೆ ನನಗೆ ಸಿಟ್ಟಿಲ್ಲ. ಒಳ್ಳೆಯವನು, ಹೋದ ವರ್ಷವಷ್ಟೇ ಶಿಕ್ಷಕರ ತರಬೇತಿ ಮುಗಿಸಿದವನು. ಕಾಗದ ಓದಿದ ಮರುವಾರ ಮನೆಗೆ ಬಂದ. ನಾನು ಕಡಲೆಕಾಯಿ ಬಿಡಿಸುತ್ತಿದ್ದೆ. ಬಂದವನೇ ನೆಲ ನೋಡುತ್ತಾ ನಿಂತ.

"ಅಕ್ಕಾ, ನೀವು ಬಯ್ದ್ರೂ ಪರವಾಗಿಲ್ಲ. ಅಣ್ಣ ಜೆರುಸಲೇಮಿನಿಂದ ಕಳಿಸಿದ ಕೀರ್ತನೆ ಕ್ಯಾಸೆಟ್ ಎಷ್ಟು ಕೇಳಿದ್ರೂ ನಂಗೆ ಹತ್ತೋದೇ ಇಲ್ಲ. ನೀವೇ ಹೇಳ್ಕೊಡಿ."

"ನನ್ನ ದನಿ ನೀನು ಕೇಳಬಾರದಂತಲ್ಲೋ!"

"ಅದು ಪ್ರಾರ್ಥನೇಲಿ ಅಕ್ಕಾ. ಇದು ಕಡಲೆಕಾಯಿ ಬಿಡಿಸೋದು."

ನಕ್ಕುಬಿಟ್ಟೆ. ಎಷ್ಟೋ ದಿನದ ಮೇಲೆ ನಕ್ಕಿದ್ದು. ಕೂರಿಸಿಕೊಂಡು ಒಂದು ತಿಂಗಳು ಹೇಳಿಕೊಟ್ಟೆ. ನನ್ನ ಜಾಗ ತೆಗೆದುಕೊಳ್ಳುವವನಿಗೆ ಎಲ್ಲಿ ಉಸಿರು ಎಳೆಯಬೇಕು, ಎಲ್ಲಿ ಮಕ್ಕಳಿಗೆ ಕಾಯಬೇಕು, ಎಲ್ಲವನ್ನೂ. ಏನನ್ನೂ ಮುಚ್ಚಿಡಲಿಲ್ಲ. ನೀವು ನಂಬಬೇಕು.

ನಿನ್ನೆ ಅವನ ಮೊದಲ ದಿನ. ಮಂದಿರ ತುಂಬಿತ್ತು. ಹೆದರಿಕೆಗೆ ಅವನು ಕೀರ್ತನೆಯನ್ನು ತೀರಾ ಮೇಲಿನ ಸ್ವರದಲ್ಲಿ ಎತ್ತಿಕೊಂಡ. ಮೂರನೆಯ ಸಾಲು ಏರುವಲ್ಲಿ ಗಂಟಲು ಒಡೆಯಿತು. ಕೆಮ್ಮಿ ಮತ್ತೆ ಎತ್ತಿದ, ಮತ್ತೆ ಒಡೆಯಿತು. ಗಂಡಸರು ಕಾದರು, ಮಕ್ಕಳು ಕಾದರು. ಹೆಂಗಸರ ಸಾಲಿನಲ್ಲಿ ಒಂದೊಂದೇ ತಲೆ ನನ್ನ ಕಡೆ ತಿರುಗಿತು. ಅತ್ತೆ ನನ್ನ ತೊಡೆ ಚಿವುಟಿದರು. "ಏನ್ ನೋಡ್ತಿದೀಯಾ, ಎತ್ತೇ!" ಕೆತುರಾ ನನ್ನ ಮುಖವನ್ನೇ ನೋಡುತ್ತಿದ್ದಳು. "ಅಮ್ಮಾ, ಹೇಳಮ್ಮಾ." ಸ್ವರ ನನ್ನ ಗಂಟಲಿನವರೆಗೆ ಬಂದಿತ್ತು. ನಾನು ತುಟಿ ಬಿಚ್ಚಲಿಲ್ಲ. ಹಟಕ್ಕಲ್ಲ, ನೀವು ಬೇಡ ಅಂದಿದ್ದಿರಿ, ಅದಕ್ಕೆ. ನನ್ನ ಬದುಕಿನಲ್ಲಿ ಅಷ್ಟು ಒಂಟಿಯಾಗಿ ನಾನೆಂದೂ ಕೂತಿರಲಿಲ್ಲ, ಸುತ್ತ ಇನ್ನೂರು ಜನ ಇದ್ದರು.

ಆಗ ಕೆತುರಾ ಎದ್ದು ನಿಂತಳು. ನನ್ನನ್ನು ಕೇಳಲಿಲ್ಲ. ತಗ್ಗಿನ ಸ್ವರದಲ್ಲಿ, ಸರಿಯಾದ ಜಾಗದಲ್ಲಿ ಮೂರನೆಯ ಸಾಲು ಎತ್ತಿಕೊಂಡಳು. ಮೊದಲು ಶಾಲೆಯ ಮಕ್ಕಳು ಸೇರಿದರು, ಆಮೇಲೆ ಆಸಾ, ಆಮೇಲೆ ಎಲ್ಲರೂ. ನಾನೊಬ್ಬಳು ಬಿಟ್ಟು.

ಮುಗಿದ ಮೇಲೆ ಹಿರಿಯರು ಮೂಲೆಯಲ್ಲಿ ಗುಂಪು ಕಟ್ಟಿ ಮಾತಾಡಿದರು. ಯಾಯಿರೋ ಹೊರಗೆ ಬಂದು "ಇನ್ನೂ ಮಗು ಅದು. ಮಗು ಹಾಡಿದ್ರೆ ದೋಷ ಇಲ್ಲ" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು. ಆಸಾ ಬಂದು ಕೆತುರಾಳ ಕೈ ಕುಲುಕಿದ. ಅತ್ತೆ ಕೆತುರಾಳ ಭುಜ ಹಿಡಿದು ನನಗಿಂತ ಮುಂದೆ ಮನೆಗೆ ನಡೆದರು. ಬಾಗಿಲಲ್ಲಿ ನಿಂತು ಅಂದರು: "ಅವನು ಆರೋಗ್ಯ ವಿಚಾರಿಸಿರಲಿಲ್ಲ, ಅಲ್ವಾ?" ಅವರಿಗೆ ಅದನ್ನು ಯಾರು ಹೇಳಿದರೋ ತಿಳಿಯದು.

ಹಬ್ಬದ ದಿನ ಹೊಟ್ಟೆ ತುಂಬ ಉಣ್ಣಿ. ಹೊಸ ವರ್ಷ ನಿಮಗೆ ಒಳ್ಳೆಯದನ್ನೇ ತರಲಿ, ನಿಮ್ಮ ಓದು ಕೈಹತ್ತಲಿ. ಅತ್ತೆಯ ಆಶೀರ್ವಾದ, ಸಿಟ್ಟಿನಲ್ಲಿದ್ದರೂ ಅದನ್ನು ಬರೆಯಲು ಹೇಳಿದ್ದಾರೆ.

ನಿಮ್ಮ,
ಕೇಜಿಯಾ

ಮರೆತೆ: ಕಾಗದವನ್ನು ಅಂಚೆಗೆ ಒಯ್ಯುವ, ನಮ್ಮೂರ ಡಾಕ್ಟರಮ್ಮನ ಬೈಕಿನವನು ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಡಿಸೆಂಬರಿನಲ್ಲಿ ಕೆತುರಾಳಿಗೆ ಹನ್ನೆರಡು ತುಂಬುತ್ತದೆ. ನೀವು ಕಲಿಯುತ್ತಿರುವ ಶಾಸ್ತ್ರದ ಪ್ರಕಾರ ಅಲ್ಲಿಂದಾಚೆ ಅವಳು ಮಗುವಲ್ಲ, ಹೆಂಗಸು. ಅವಳಿಗೆ ಸುಮ್ಮನಿರು ಎಂದು ನಾನು ಹೇಳುವುದಿಲ್ಲ. ಹೇಳಬೇಕೆಂದಿದ್ದರೆ ನೀವೇ ಬಂದು, ಅವಳ ಮುಖ ನೋಡಿ ಹೇಳಿ. ಯಾಯಿರೋಗೆ ಕಾಗದ ಬರೆಯಬೇಡಿ.