ಪೋರ್ಟ್ ಆಫ್ ಸ್ಪೇನ್‌ನ ಒಂದು ಅಡಿಗೆಮನೆ

ನೈರೋಬಿ
21 ಆಗಸ್ಟ್ 1988

ಪ್ರೀತಿಯ ಯೂಜಿನ್,

ದೇವರು ನಿನ್ನನ್ನು ಕಾಯಲಿ. ಜ್ವರ ಪೂರ್ತಿ ಬಿಟ್ಟಿತೇ? ಊಟಕ್ಕೆ ಏನು ಮಾಡುತ್ತೀ? ನಿಜ ಬರೆ. ಇಲ್ಲಿ ಆಗಸ್ಟಿನ ಚಳಿ, ಮೋಡ. ನಿನ್ನ ಪಪ್ಪನ ಮೊಣಕಾಲು ನೋವು ಹಾಗೆಯೇ ಇದೆ. ಆದರೂ ಇಂಡಸ್ಟ್ರಿಯಲ್ ಏರಿಯಾದ ಲಾರಿಗಳ ನಡುವೆ ತಾವೇ ಕಾರು ಓಡಿಸಿಕೊಂಡು ಹೋಗುತ್ತಾರೆ. ನಿನ್ನ ತಂಗಿ ಜೂಡಿತ್, ನಾನು ಕನ್ನಡದಲ್ಲಿ ಬೈದರೆ ಇಂಗ್ಲಿಷಿನಲ್ಲಿ ಸಾರಿ ಎನ್ನುತ್ತಾಳೆ. ಮನೆಮಾತು ಕೊಂಕಣಿಯಾದರೂ ನನಗೆ ಬರೆಯಲು ಬರುವುದು ಮಂಗಳೂರಿನ ಹೈಸ್ಕೂಲಿನಲ್ಲಿ ಕಲಿತ ಕನ್ನಡ. ಅದನ್ನು ಓದಲು ನಿನಗೆ ಕಿವಿ ಹಿಂಡಿ ಕಲಿಸಿದ್ದೇನೆ. ಅರ್ಥವಾಗಲಿಲ್ಲ ಎಂದು ಜಾರಿಕೊಳ್ಳಬೇಡ.

ನಿನ್ನ ಕಾಗದ ಬಂತು. ಪೋರ್ಟ್ ಆಫ್ ಸ್ಪೇನ್ ಬಂದರಿನ ಎಂಜಿನಿಯರ್ ಕೆಲಸಕ್ಕೆಂದು ಆ ದ್ವೀಪಕ್ಕೆ ಹೋದವನು ಊರು ತೋರಿಸುವ ಗೈಡಿನ ಹಾಗೆ ಬರೆದಿದ್ದೀ. ಸ್ಪೇನಿನವರು ಆಳಿದರು, ಫ್ರೆಂಚರು ಕಾರ್ನಿವಲ್ ತಂದರು, ಇಂಗ್ಲಿಷರು ಎಲ್ಲವನ್ನೂ ಕಿತ್ತುಕೊಂಡರು. ಗುಡ್ಡದ ಮೇಲೆ ಹಳೆಯ ಕೋಟೆ, ಊರ ನಡುವೆ ದೊಡ್ಡ ಹುಲ್ಲುಗಾವಲು, ಅದರ ಅಂಚಿಗೆ ಶ್ರೀಮಂತರ ಬಂಗಲೆಗಳು. ವಿಭೂತಿ ಬುಧವಾರಕ್ಕೆ ಮುಂಚೆ ಎರಡು ದಿನ ಬೀದಿಯಲ್ಲಿ ಕುಣಿದು ಮರುದಿನ ಹಣೆಗೆ ಬೂದಿ ಹಚ್ಚಿಸಿಕೊಳ್ಳುವ ಭಕ್ತಿ ನನಗೆ ತಿಳಿಯದು. ಎಣ್ಣೆಯ ಡ್ರಮ್ಮು ತಟ್ಟಿ ವಾದ್ಯ ಮಾಡುತ್ತಾರೆ ಎಂದು ಓದಿ ಹೇಳಿದರೆ ಪಪ್ಪ, "ನಮ್ಮ ಫ್ಯಾಕ್ಟರಿಯಲ್ಲಿ ದಿನಾ ತಟ್ತೇವೆ, ಒಬ್ಬನೂ ಕುಣಿದದ್ದಿಲ್ಲ" ಎಂದರು. ಅವರು ನಕ್ಕರು. ನಾನು ನಗಲಿಲ್ಲ. ನಾಲ್ಕು ಪುಟ ಊರನ್ನೇ ಬಣ್ಣಿಸುವವನು ಆ ಊರಿನ ಒಂದು ಮನೆಯನ್ನು ಮುಚ್ಚಿಡುತ್ತಿದ್ದಾನೆ ಎಂದು ನನಗೆ ಆಗಲೇ ಅನಿಸಿತು. ಆಳಿದವರಿಗೆ ಎರಡು ಸಾಲು ಕೊಟ್ಟವನು, ಕಬ್ಬಿನ ತೋಟದ ಕೂಲಿಗೆಂದು ಕಲ್ಕತ್ತೆಯಿಂದ ಹಡಗಿನಲ್ಲಿ ಹೋದ ನಮ್ಮ ದೇಶದವರಿಗೆ ಇಡೀ ಪುಟ ಕೊಟ್ಟಿದ್ದೀ. ಅವರು ಕಡಲೆಗೆ ಜೀರಿಗೆ ಯಾವಾಗ ಹಾಕುತ್ತಾರೆ, ಅಡಿಗೆಮನೆಯ ಕಿಟಕಿಯಿಂದ ಸಮುದ್ರ ಹೇಗೆ ಕಾಣುತ್ತದೆ, ಇದೆಲ್ಲ ಊರು ನೋಡಲು ಹೋದವನಿಗೆ ಗೊತ್ತಾಗುವ ಸಂಗತಿಯೇ? ಯಾರ ಅಡಿಗೆಮನೆ ಅದು?

ಕಳೆದ ಭಾನುವಾರ ಸ್ಪ್ರಿಂಗ್ ವ್ಯಾಲಿಯ ಫಿಲೋಮಿನಾಳ ಮಗ ಬರ್ನಾರ್ಡ್ ಇಗರ್ಜಿಯಲ್ಲಿ ಪೂಜೆ ಮುಗಿಸಿ ಮನೆಗೆ ಬಂದ. ನಿನ್ನ ಜೊತೆ ಕೆಲಸ ಮಾಡುವವನು ರಜೆಯಲ್ಲಿ ಬಂದಿದ್ದಾನೆಂದು ನಾನೇ ಊಟಕ್ಕೆ ಕರೆದಿದ್ದೆ. ಯೂಜಿನ್ ಸಂಜೆ ಎಲ್ಲಿಗೆ ಹೋಗುತ್ತಾನೆ ಎಂದು ಕೇಳಿದರೆ, "ಹಿಲ್ ಮೇಲೆ ಓಲ್ಡ್ ಫೋರ್ಟ್ ಉಂಟು ಆಂಟಿ, ವ್ಯೂ ತುಂಬಾ ನೈಸ್" ಎಂದ. ಯಾರ ಜೊತೆ ಎಂದು ಕೇಳಿದರೆ ಕೋಟೆಯಲ್ಲಿ ಎಷ್ಟು ಫಿರಂಗಿಗಳಿವೆ ಎಂದು ಹೇಳತೊಡಗಿದ. ಇಬ್ಬರೂ ಒಂದೇ ಪಾಠ ಬಾಯಿಪಾಠ ಮಾಡಿದ್ದೀರಿ. ನಾನು ಸುಮ್ಮನೆ ಹಂದಿಮಾಂಸ, ಸಾನ್ನ ಬಡಿಸುತ್ತಾ ಹೋದೆ. ಹೊಟ್ಟೆ ತುಂಬಿದ ಮೇಲೆ ಅವನಿಗೆ ಜಾಗ್ರತೆ ತಪ್ಪಿತು. "ಆಂಟಿ, ತಾಯಿ ಇಲ್ಲದ ಹುಡುಗಿಗೆ ರೋಸ್ ದಿನ ಹಾಲು ಯಾರು ಹಚ್ಚುವುದು?" ಎಂದ. ಮದುವೆಯ ಮುನ್ನಾದಿನ ತೆಂಗಿನ ಹಾಲು ಹಚ್ಚಿ ಮೀಯಿಸುವ ನಮ್ಮ ರೋಸಿನ ಕ್ರಮ ಅಲ್ಲಿಯವರಿಗೆ ಗೊತ್ತಿರಲಾರದು. ಯಾರೋ ನಮ್ಮವರು ಹೇಳಿಕೊಟ್ಟಿರಬೇಕು. "ಯಾವ ಹುಡುಗಿಯ ತಲೆಗೆ ಮಗಾ?" ಎಂದೆ. ಅವನಿಗೆ ಸಾನ್ನ ಗಂಟಲಲ್ಲಿ ಸಿಕ್ಕಿಕೊಂಡಿತು. ನೀರು ಕುಡಿದು, ಇಂಗ್ಲಿಷರು ದ್ವೀಪ ಹಿಡಿದ ಇಸವಿ ಹೇಳಿದ.

ಹಾಗಾದರೆ ನನ್ನ ಮಗನ ಮದುವೆಯ ವಿಷಯ ಫಿಲೋಮಿನಾಳ ಮಗನಿಗೆ ಗೊತ್ತು, ನನಗೆ ಗೊತ್ತಿಲ್ಲ. ಮದುವೆ ಮುಗಿಸಿ ಫೋಟೋ ಕಳಿಸುವ ಯೋಚನೆಯಿತ್ತೇ? ಕೂಲಿಗೆ ಹೋದವರ ಮೊಮ್ಮಗಳೆಂದು ನಾನು ಮೂಗು ಮುರಿಯುತ್ತೇನೆ ಎಂದು ಹೆದರಿದೆಯಾ? ಮೊಂಬಾಸಾಕ್ಕೆ ನಾನೂ ಹಡಗಿನಲ್ಲೇ ಬಂದವಳು. ಆದರೆ ಟಿಕೆಟ್ ತೆಗೆದು ಬಂದೆ, ಅದನ್ನೂ ನೆನಪಿಡು. ಹುಡುಗಿಯ ಹೆಸರೇನು, ಯಾವ ಇಗರ್ಜಿಗೆ ಹೋಗುತ್ತಾಳೆ, ಅಥವಾ ದೇವಸ್ಥಾನಕ್ಕೋ, ತಂದೆ ಏನು ಮಾಡುತ್ತಾರೆ, ಎಲ್ಲ ಬರೆ. ನಿನ್ನನ್ನು ಸಾಕಿದವಳು ಟೂರಿಸ್ಟ್ ಅಲ್ಲ.

ಪಪ್ಪನ ಆಶೀರ್ವಾದ. ಜೂಡಿತ್‌ಳ ಲವ್ ಅಂತೆ. ಜಪಸರ ತಪ್ಪಿಸಬೇಡ, ಮಳೆಯಲ್ಲಿ ನೆನೆಯಬೇಡ.

ನಿನ್ನ ಮಮ್ಮಿ,
ಸೆಲಿನ್

ತಾ.ಕ.: ಪಪ್ಪ ಹೊರಗೆ ಹಾರ್ನ್ ಬಾರಿಸುತ್ತಿದ್ದಾರೆ, ಬೇಗ ಬರೆಯುತ್ತಿದ್ದೇನೆ. ಅಕ್ಟೋಬರಿಗೆ ಲಂಡನ್ ದಾರಿಯಾಗಿ ಬರಲು ನಮ್ಮಿಬ್ಬರಿಗೂ ಟಿಕೆಟ್ ಮಾಡಿಸಿ ಆಯಿತು. ಅದಕ್ಕೆ ಮುಂಚೆ ದಿನ ಇಟ್ಟುಕೊಂಡಿದ್ದರೆ ಮುಂದೆ ಹಾಕು. ಒಪ್ಪಿದೆನೆಂದು ತಿಳಿಯಬೇಡ, ನೋಡಲು ಬರುತ್ತಿದ್ದೇನೆ ಅಷ್ಟೆ. ಆದರೆ ಆ ಹುಡುಗಿಗೆ ಹೇಳು, ಹಾಲು ಹಚ್ಚಲು ಅಕ್ಕಪಕ್ಕದವರನ್ನು ಕೇಳಿಕೊಂಡು ಹೋಗುವುದು ಬೇಡ.