ತೂಕ ಮಾಡದ ಮಕ್ಕಳು

ಮಾರ್ಚ್ 11, ಸೋಮವಾರ

ಪ್ರೀತಿಯ ಅಕ್ಕ,

ನೀನು, ಭಾವ, ಅಮ್ಮ ಎಲ್ಲ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಪೆನ್ನು ಹಿಡಿದುಕೊಂಡೇ ಕಿಟಕಿಯ ಹೊರಗೆ ನೋಡುತ್ತಾ ಉಳಿದುಬಿಡುತ್ತಿದ್ದೆ. ಬೈಯಬೇಡ.

ನಾನು ಏನು ಓದುತ್ತೇನೋ ತಿಳಿಯುವುದಿಲ್ಲ ಎಂದು ಅಮ್ಮ ಗೊಣಗುತ್ತಾಳೆಂದು ನೀನು ಬರೆದಿದ್ದೆ. ಹುಟ್ಟು, ಕಾಯಿಲೆ, ಸಾವುಗಳ ಲೆಕ್ಕ ಹಾಕುವುದನ್ನು ಕಲಿಸುತ್ತಾರೆ, ಯಾವ ಊರಿಗೆ ನರ್ಸ್ ಬೇಕು, ಯಾವ ಲಸಿಕೆ ಕೆಲಸ ಮಾಡಿತು ಎಂಬುದು ಅದರಿಂದಲೇ ಗೊತ್ತಾಗುತ್ತದೆ ಎಂದು ಹೇಳು. ಮುಗಿದರೆ ಆರೋಗ್ಯ ಇಲಾಖೆಯಲ್ಲಿ ಕೆಲಸ ಎಂದೂ ಹೇಳು. ಅವಳಿಗೆ ಅಷ್ಟು ಸಾಕು.

ಕೊನೆಯ ವರ್ಷದ ಪ್ರಬಂಧಕ್ಕೆ ನನಗೆ ಒಂದು ಹೆರಿಗೆ ಆಸ್ಪತ್ರೆಯ ಶಿಶುಗಳ ತೂಕದ ಅಂಕಿಗಳನ್ನು ಕೊಟ್ಟಿದ್ದಾರೆ. ಹೋದ ತಿಂಗಳು ಅವುಗಳ ನಕ್ಷೆ ಮಾಡಿ ತರಗತಿಗೆ ತೋರಿಸಿದೆ. ಮೂರು ಕೆಜಿಯ ಸುತ್ತ ಮಂಜು ಮುಸುಕಿದ ಗುಡ್ಡದ ಹಾಗೆ ಗೆರೆ ಏರಿ ಇಳಿದಿತ್ತು. ಅದರಿಂದ ಬಹಳ ದೂರ, ಬಲತುದಿಯಲ್ಲಿ, ಹತ್ತು ಕೆಜಿಯ ಬಳಿ ಒಂದು ಪುಟ್ಟ ಗುಂಪು ಬೇರೆಯೇ ನಿಂತಿತ್ತು. ನಮ್ಮ ಜೊತೆ ಓದುವ ದಂತವೈದ್ಯನೊಬ್ಬನಿದ್ದಾನೆ, ಬಾಯಿಗೆ ಬೀಗವಿಲ್ಲ. “ಏನ್ರೀ, ಈ ಆಸ್ಪತ್ರೇಲಿ ಕೂಸುಗಳು ಹುಟ್ಟಿದ ದಿನವೇ ನಡ್ಕೊಂಡು ಮನೆಗೆ ಹೋಗ್ತವಾ?” ಎಂದ. ಎಲ್ಲರ ಜೊತೆ ನಾನೂ ನಕ್ಕೆ.

ತೂಕ ಮಾಡದೆ ಬಿಟ್ಟ ಕಡೆ 9999 ಎಂದು ಬರೆಯುವುದು ಅಲ್ಲಿಯ ರೂಢಿಯಂತೆ. ಅದು ಬರೀ ಗುರುತು. ನಾನು ಅದನ್ನು ಗ್ರಾಂ ಎಂದು ಓದಿದ್ದೆ. ಆ ಸಾಲುಗಳನ್ನು ತೆಗೆದುಹಾಕಿ ಮುಂದಕ್ಕೆ ಹೋಗು ಎಂದರು ಪ್ರೊಫೆಸರ್.

ತೆಗೆಯುವ ಮೊದಲು ಆಸ್ಪತ್ರೆಗೆ ಹೋಗಿ, ಏಕೆ ತೂಕ ಮಾಡಲಿಲ್ಲ ಎಂದು ಹೆರಿಗೆ ವಾರ್ಡಿನ ನರ್ಸನ್ನು ಕೇಳಿದೆ. ಅವರು ಬಟ್ಟೆ ಮಡಿಸುತ್ತಿದ್ದರು, ಕೈ ನಿಲ್ಲಿಸಲಿಲ್ಲ. “ಅಳದೇ ಇದ್ದವನ್ನ ತಕ್ಕಡಿ ಮೇಲೆ ಯಾರು ಇಡ್ತಾರಮ್ಮ?” ಎಂದರು.

ವಾಪಸು ಬರುವಾಗ ಬಸ್ಸಿನಲ್ಲಿ ಬಿಸಿಲಿಗೆ ಜೊಂಪು ಹತ್ತಿತು. ಕನಸಿನಲ್ಲಿ ನಕ್ಷೆಯ ಆ ಗುಂಪು ಕಂಡಿತು. ಹತ್ತು ಕೆಜಿ ಎಂದರೆ ಆಗಷ್ಟೇ ಹೆಜ್ಜೆ ಕಲಿತ ಮಕ್ಕಳು. ಒಬ್ಬರ ಬೆರಳನ್ನೊಬ್ಬರು ಹಿಡಿದು ಗುಡ್ಡದಾಚೆ ನಿಂತಿದ್ದರು, ಯಾರನ್ನೋ ಕಾಯುವವರ ಹಾಗೆ. ಕಂಡಕ್ಟರ್ ಎಬ್ಬಿಸಿದಾಗ ನಾನಿಳಿಯುವ ಸ್ಟಾಪು ಆಗಲೇ ದಾಟಿತ್ತು.

ಅಕ್ಕ, ನಿನ್ನ ಮಗುವೂ ಅಳಲಿಲ್ಲ. ಮನೆಯಲ್ಲಿ ನಾವ್ಯಾರೂ ಇದನ್ನು ಬಾಯಿಬಿಟ್ಟು ಆಡಿಲ್ಲ. ನನಗೆ ಆ ಸಾಲುಗಳನ್ನು ತೆಗೆಯಲು ಆಗುತ್ತಿಲ್ಲ. ಆ ಮಕ್ಕಳ ಬಗ್ಗೆಯೇ ಬರೆಯುತ್ತೇನೆ ಎಂದು ಪ್ರೊಫೆಸರಿಗೆ ಹೇಳಿದೆ. ಇನ್ನೊಂದು ವರ್ಷ ಹಿಡಿಯುತ್ತದೆ, ಕೈಗೆ ಬಂದ ಕೆಲಸ ಹೋಗುತ್ತದೆ ಎಂದು ಎಚ್ಚರಿಸಿದರು. ಅದಕ್ಕೆ ನಾನು ಸಿದ್ಧ. ಆದರೆ ಬರೆದದ್ದು ಅಚ್ಚಾಗುತ್ತದೆ, ಏಕೆ ತಡವಾಯಿತು ಎಂದು ನೆಂಟರು ಕೇಳುತ್ತಾರೆ, ಮಾತು ನಿನ್ನ ಬಾಗಿಲಿಗೂ ಬರುತ್ತದೆ. ನೀನು ಬೇಡ ಎಂದರೆ ಉಳಿದ ತೂಕಗಳ ಲೆಕ್ಕ ಮುಗಿಸಿ ಮನೆಗೆ ಬರುತ್ತೇನೆ. ಮುನಿಸಿರುವುದಿಲ್ಲ. ಆಗಲಿ ಅಥವಾ ಬೇಡ, ಒಂದು ಮಾತು ಬರೆ.

ಭಾವನ ಬೆನ್ನುನೋವು ಬೇಗ ಇಳಿಯಲಿ. ಅಮ್ಮನಿಗೆ ನಮಸ್ಕಾರ. ನಿನಗೆ ತುಂಬು ನಿದ್ದೆ ಬರಲಿ.

ನಿನ್ನ
ಗುಬ್ಬಿ

ತಾ.ಕ.: ಹೆರಿಗೆಯಾದ ಆ ದಿನ ನಿನಗೆ ಎಚ್ಚರವಿರಲಿಲ್ಲ. “ಅವಳಿಗೆ ತೋರಿಸ್ಬೇಡಿ, ತಡ್ಕೊಳ್ಳಲ್ಲ” ಎಂದು ಅಮ್ಮ ಹೇಳಿದಳು. ಭಾವ ಬರುವವರೆಗೆ ಮಗುವನ್ನು ಎತ್ತಿಕೊಂಡು ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದವಳು ನಾನು. ನೀನು ಕೇಳಲಿಲ್ಲ, ನಾನು ಹೇಳಲಿಲ್ಲ. ನಿನ್ನ ಮಗಳು ಮೈಕೈ ತುಂಬಿಕೊಂಡಿದ್ದಳು, ಅಕ್ಕ. ಎಡಗೈ ಜೋಮು ಹಿಡಿದು, ಬಲಗೈಗೆ ಬದಲಿಸಿಕೊಳ್ಳಬೇಕಾಯಿತು.